ಬದುವಿನ ಆ ಕಡೆ, ಈ ಕಡೆ: ಕರುಳಿಗೆ ಬ್ಯಾಕ್ಟೀರಿಯಾ ಗೊತ್ತಾಗುವ ಬಗೆ

ತಂಗಿಯ ಮಗಳು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಹೋದ ಮಳೆಗಾಲದಲ್ಲಿ ಅವಳಿಗೆ ಟೈಫಾಯ್ಡ್ ಆಯಿತು. ಐದು ದಿನ ಬಿಡದ ಜ್ವರ. ರಕ್ತದ ಕಲ್ಚರ್ ಮಾಡಿಸಿದಾಗ ಅದೇ ಎಂದು ಗೊತ್ತಾಯಿತು. ಔಷಧಿ ಶುರುವಾಗಿ ಜ್ವರ ಸ್ವಲ್ಪ ಇಳಿದ ಮೇಲೆ ಅವಳನ್ನು ಮಂಡ್ಯದ ಹತ್ತಿರದ ನಮ್ಮೂರಿಗೆ ಕರೆದುಕೊಂಡು ಬಂದೆವು. ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದ ಅವ್ವ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

"ಅಲ್ಲ ಕಣವ್ವ, ಹೊಟ್ಟೇಲಿ ಕೋಟಿ ಕೋಟಿ ಬ್ಯಾಕ್ಟೀರಿಯ ಅವೆ ಅಂತೀಯ. ಮೊಸರಲ್ಲೂ ಅವೆ ಅಂತೀಯ. ಅವಕ್ಕೆಲ್ಲ ಬರ್ದೆ ಇರೋ ಜ್ವರ ಇದೊಂದು ಹೊಕ್ಕಿದ್ಕೆ ಯಾಕೆ ಬಂತು? ಇದು ನಮ್ದು, ಇದು ಬೇರೇದು ಅಂತ ಮೈಗೆ ಹೆಂಗೆ ಗೊತ್ತಾಯ್ತದೆ?"

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಇಷ್ಟು ವರ್ಷದಲ್ಲಿ ಇದನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಆ ದಿನ ಅವ್ವನಿಗೆ ಹೇಳಿದ್ದು ಸ್ವಲ್ಪ. ಆಮೇಲೆ ವಾರವಿಡೀ ಅಡುಗೆಮನೆಯಲ್ಲಿ, ಜಗಲಿಯಲ್ಲಿ ಕೂತು ಹೇಳಿದ್ದು ಜಾಸ್ತಿ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು ಒಂದು ಅಂದಾಜು ಕೊಟ್ಟರು. ಒಬ್ಬ ವಯಸ್ಕ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ಮನುಷ್ಯನದೇ ಆದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಂದರೆ ನಮಗಿಂತ ಅವೇ ಸ್ವಲ್ಪ ಹೆಚ್ಚು. ಎಲ್ಲವನ್ನೂ ಸೇರಿಸಿ ತೂಗಿದರೆ ಮಾತ್ರ 200 ಗ್ರಾಂ ಆಸುಪಾಸು, ಅಷ್ಟು ಚಿಕ್ಕವು. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ.

ಇಷ್ಟೊಂದು ಬ್ಯಾಕ್ಟೀರಿಯಾ ಒಂದು ಕಡೆ. ಅವುಗಳಿಗೆ ಕೂದಲೆಳೆಯಷ್ಟು ದೂರದಲ್ಲಿ, ಕರುಳಿನ ಗೋಡೆಯೊಳಗೆ, ದೇಹದ ರಕ್ಷಣಾ ಕೋಶಗಳ ದೊಡ್ಡ ಪಡೆ. ರಕ್ತದಲ್ಲಿ ಕೆಲವೇ ಬ್ಯಾಕ್ಟೀರಿಯಾ ಸಿಕ್ಕರೂ ರೇಗಿಬೀಳುವ ಕೋಶಗಳಿವು. ಇಲ್ಲಿ ಮಾತ್ರ ದಿನವೂ ಸುಮ್ಮನಿರುತ್ತವೆ. ಸುಮ್ಮನಿರುತ್ತವೆ ಅಂದರೆ ನಿದ್ದೆ ಮಾಡುತ್ತವೆ ಅಂತಲ್ಲ. ಎಚ್ಚರವಾಗಿದ್ದೇ ಸುಮ್ಮನಿರುತ್ತವೆ.

ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಗುರುತು ಹಿಡಿದು ಹಾಗಿರುತ್ತವೆ ಎಂದು ಅವ್ವನ ಹಾಗೆ ನಾವೆಲ್ಲರೂ ಅಂದುಕೊಳ್ಳುತ್ತೇವೆ. ತೊಡಕಿರುವುದು ಅಲ್ಲೇ. ಬ್ಯಾಕ್ಟೀರಿಯಾದ ಮೈಮೇಲೆ ಒಳ್ಳೆಯದು, ಕೆಟ್ಟದ್ದು ಅಂತ ಬರೆದಿರುವುದಿಲ್ಲ. ಮೊಸರು ಮಾಡುವ ಲ್ಯಾಕ್ಟೋಬ್ಯಾಸಿಲಸ್‌ಗೂ ಕೋಶಗೋಡೆ ಇದೆ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾಕ್ಕೂ ಇದೆ. ಎರಡೂ ಗೋಡೆ ಕಟ್ಟಿರುವುದು ಪೆಪ್ಟಿಡೋಗ್ಲೈಕಾನ್ ಎಂಬ ಒಂದೇ ಬಗೆಯ ಸಾಮಗ್ರಿಯಿಂದ. ನಮ್ಮ ಕರುಳಲ್ಲಿ ತಣ್ಣಗೆ ಬದುಕುವ ಇ. ಕೋಲೈ ಮೈಮೇಲೆ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆ ಸೇರಿದ ಹೊದಿಕೆ ಇದೆ. ಸಾಲ್ಮೊನೆಲ್ಲಾ ಮೈಮೇಲೂ ಅದೇ. ಈಜಾಡಲು ಬಾಲ ಇರುವ ಬ್ಯಾಕ್ಟೀರಿಯಾಗಳ ಬಾಲವೆಲ್ಲ ಫ್ಲಾಜೆಲಿನ್ ಎಂಬ ಪ್ರೋಟೀನಿನದು. ಮುಖ ನೋಡಿ ಕಳ್ಳನನ್ನು ಹಿಡಿಯೋಣ ಅಂದರೆ ಊರವರ ಮುಖ, ಕಳ್ಳನ ಮುಖ ಎರಡೂ ಒಂದೇ ತರಹ.

ಹಾಗಾದರೆ ಹೇಗೆ? ಬಾಗಿಲ ಹತ್ತಿರ ಕೂತು ಕೇಳುತ್ತಿದ್ದ ಅಪ್ಪ ಬಾಯಿ ಹಾಕಿದರು. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆ. ಹಳಬರು ಈಗಲೂ ಇರ್ವಿನ್ ನಾಲೆ ಅಂತಾರೆ. ಅಪ್ಪ ಹೇಳಿದ್ದು ನೀರುಗಂಟಿಯ ವಿಷಯ.

"ನೀರುಗಂಟಿ ಕಾಲುವೇಲಿ ನೀರು ಹರೀತಾ ಅದೆ ಅಂತ ಬಾಯಿ ಬಡ್ಕೊಂಡಾನಾ? ಅವನು ನೋಡೋದು ಬದುವಿನ ಒಣಗಿರೋ ಕಡೆಯ. ಅಲ್ಲಿ ಕಾಲಿಟ್ಟಾಗ ಮಣ್ಣು ಹಸಿಯಾಗಿ ಸಿಕ್ತು ಅನ್ನು, ಎಲ್ಲೋ ಏಡಿ ಬಿಲ ಕೊರೆದದೆ ಅಂತ್ಲೇ ಲೆಕ್ಕ."

ನಾನು ಹೇಳಬೇಕೆಂದಿದ್ದನ್ನು ಅಪ್ಪ ಎರಡು ಮಾತಲ್ಲಿ ಹೇಳಿಬಿಟ್ಟಿದ್ದರು. ಕರುಳು ಕೇಳುವ ಮೊದಲ ಪ್ರಶ್ನೆ "ನೀನು ಯಾರು" ಎಂಬುದಲ್ಲ. "ನೀನು ಎಲ್ಲಿದ್ದೀಯ" ಎಂಬುದು. ಕಾಲುವೆಯಲ್ಲಿರುವ ನೀರು ಬೇಕಾದ ನೀರು. ಅದೇ ನೀರು ಬದು ದಾಟಿ ಕಣದಲ್ಲಿ ಒಟ್ಟಿದ ಭತ್ತಕ್ಕೆ ನುಗ್ಗಿದರೆ ಅನಾಹುತ. ನೀರು ಒಂದೇ, ಜಾಗ ಬೇರೆ.

ಕರುಳಿನ ಬದು ಹೇಗಿದೆ ನೋಡಿ. ನಾವು ನುಂಗಿದ್ದು ಹರಿಯುವ ಜಾಗ ಕಾಲುವೆ. ಅದರ ಅಂಚಿಗೆ ಮೊದಲು ಲೋಳೆಯ ಪದರ. ಅದರ ಕೆಳಗೆ ಜೀವಕೋಶಗಳ ಒಂದೇ ಒಂದು ಸಾಲು. ಒಂದೇ ಸಾಲು ಎಂಬುದನ್ನು ದಯವಿಟ್ಟು ಗಮನಿಸಿ. ನಮ್ಮ ಚರ್ಮದಲ್ಲಿ ಕೋಶಗಳು ಒಂದರ ಮೇಲೊಂದು ಹತ್ತಾರು ಪದರ ಇರುತ್ತವೆ. ಕರುಳಿಗೆ ಆ ಸೌಲಭ್ಯ ಇಲ್ಲ. ಯಾಕೆಂದರೆ ಅದು ಅನ್ನದ ಸಾರವನ್ನು ಒಳಗೆ ಹೀರಬೇಕು, ದಪ್ಪ ಗೋಡೆ ಕಟ್ಟಿಕೊಂಡರೆ ಹೀರುವುದು ಹೇಗೆ? ಹೀಗೆ ಹೀರುವ ಜಾಗವನ್ನು ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ 30 ಚದರ ಮೀಟರಿಗೂ ಸ್ವಲ್ಪ ಹೆಚ್ಚು. ಊರಿನ ಮನೆಯ ಒಂದು ದೊಡ್ಡ ಹಜಾರದಷ್ಟು. ಅಷ್ಟಕ್ಕೂ ಒಂದೇ ಸಾಲು ಕಾವಲು. ಆ ಸಾಲಿನ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಉದುರಿ, ಹೊಸವು ಬರುತ್ತವೆ. ಕೋಶ ಕೋಶದ ನಡುವೆ ಸಂದಿ ಬಿಡದ ಹಾಗೆ ಪ್ರೋಟೀನಿನ ಬಿಗಿ ಹೊಲಿಗೆ ಇದೆ.

ಲೋಳೆಯ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕರುಳಿನ ಸ್ಲೈಡ್ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಬರಿಮೈಯಲ್ಲಿ ನಿಂತ ಹಾಗೆ ಕಾಣುತ್ತವೆ. ಲೋಳೆ ಕಾಣುವುದೇ ಇಲ್ಲ. ಸ್ಲೈಡ್ ಮಾಡುವಾಗ ಮಾಮೂಲಿಯಾಗಿ ಬಳಸುವ ನೀರು ಬೆರೆತ ದ್ರಾವಣದಲ್ಲಿ ಲೋಳೆ ಕುಸಿದು ಹೋಗುತ್ತದೆ. ತುಂಬಾ ವರ್ಷ ವಿಜ್ಞಾನಿಗಳಿಗೂ ಅದು ಸರಿಯಾಗಿ ಕಾಣಲಿಲ್ಲ. 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನ ಗುನ್ನಾರ್ ಹ್ಯಾನ್ಸನ್ ಅವರ ತಂಡ ಲೋಳೆ ಹಾಳಾಗದ ಹಾಗೆ ಕರುಳನ್ನು ಸಿದ್ಧಮಾಡಿ ನೋಡಿತು. ದೊಡ್ಡ ಕರುಳಿನ ಲೋಳೆಯಲ್ಲಿ ಎರಡು ಪದರ ಇದ್ದವು. ಮೇಲಿನ ಪದರ ಸಡಿಲ, ಅದರಲ್ಲಿ ಬ್ಯಾಕ್ಟೀರಿಯಾ ತುಂಬಿಕೊಂಡಿದ್ದವು. ಕೋಶಗಳಿಗೆ ಅಂಟಿಕೊಂಡ ಒಳಪದರ ಬಿಗಿ, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಎನ್ನಬಹುದು. ಎರಡೂ ಸೇರಿ ಒಂದು ಮಿಲಿಮೀಟರಿನೊಳಗೆ. ಇಷ್ಟು ತೆಳುವಾದ ಒಂದು ಖಾಲಿ ಜಾಗವನ್ನು ಬಿಟ್ಟುಕೊಂಡೇ ಎರಡು ಲೋಕ ಅಕ್ಕಪಕ್ಕ ಬದುಕುತ್ತಿವೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಪಾಠ ಮುಂದುವರಿಸಲು ಮನಸ್ಸೇ ಬರಲಿಲ್ಲ, ಅದನ್ನೇ ಮಕ್ಕಳಿಗೆ ಹೇಳುತ್ತಾ ಕೂತೆ.

ಸಣ್ಣ ಕರುಳಿನಲ್ಲಿ ಲೋಳೆ ಒಂದೇ ಪದರ, ಅದೂ ಸಡಿಲ. ಅಲ್ಲಿ ಕೊರತೆ ತುಂಬಲು ಬೇರೆ ವ್ಯವಸ್ಥೆ ಇದೆ. ಕರುಳಿನ ಗುಳಿಗಳ ತಳದಲ್ಲಿ ಪ್ಯಾನೆತ್ ಕೋಶಗಳು ಕೂತಿವೆ. ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳನ್ನು ಲೋಳೆಗೆ ಸುರಿಯುವುದು ಇವುಗಳ ಕೆಲಸ. ಅದರಲ್ಲೊಂದು ಲೈಸೋಜೈಮ್. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಇದನ್ನು ಗುರುತಿಸಿದರು, ಪೆನಿಸಿಲಿನ್‌ಗಿಂತ ಮೊದಲೇ. ನಮ್ಮ ಕಣ್ಣೀರಲ್ಲಿ, ಜೊಲ್ಲಿನಲ್ಲಿ ಇರುವುದೂ ಇದೇ. ಇದು ಬ್ಯಾಕ್ಟೀರಿಯಾದ ಗೋಡೆಯನ್ನು ಕತ್ತರಿಸಿ ಚೂರು ಮಾಡುತ್ತದೆ. ಆ ಚೂರುಗಳ ವಿಷಯ ಮುಂದೆ ಬರುತ್ತದೆ.

ಈಗ ನೀರುಗಂಟಿಯ ಹತ್ತಿರ ಹೋಗೋಣ. ಬ್ಯಾಕ್ಟೀರಿಯಾ ಇದೆ ಎಂದು ಕೋಶಕ್ಕೆ ತಿಳಿಯುವುದು ಹೇಗೆ? ಕೋಶಕ್ಕೆ ಕಣ್ಣಿಲ್ಲ. ಮುಟ್ಟಿ ತಿಳಿಯಬೇಕು. ಮುಟ್ಟಲು ಅದರ ಮೈಮೇಲೆ ಕೆಲವು ಪ್ರೋಟೀನುಗಳಿವೆ, ಇವನ್ನು ಗ್ರಾಹಕಗಳು ಎನ್ನುತ್ತೇವೆ. ಇಂಥವು ಇರಲೇಬೇಕು ಎಂದು 1989ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ ವಾದಿಸಿದರು. ಆಗ ಯಾರ ಕೈಗೂ ಅವು ಸಿಕ್ಕಿರಲಿಲ್ಲ. ಅವರ ತರ್ಕ ಸರಳವಾಗಿತ್ತು. ಶುದ್ಧವಾದ ಒಂದು ಪ್ರೋಟೀನನ್ನು ಚುಚ್ಚಿದರೆ ದೇಹ ಅಷ್ಟಾಗಿ ಸ್ಪಂದಿಸುವುದಿಲ್ಲ. ಅದರ ಜೊತೆಗೆ ಬ್ಯಾಕ್ಟೀರಿಯಾದ ಚೂರು ಬೆರೆಸಿದರೆ ಜೋರಾಗಿ ಸ್ಪಂದಿಸುತ್ತದೆ. ಹಾಗಾದರೆ "ಇದು ಬ್ಯಾಕ್ಟೀರಿಯಾದ್ದು" ಎಂದು ಹೇಳುವ ಏನೋ ಒಂದು ದೇಹದಲ್ಲಿ ಇರಬೇಕಲ್ಲ?

ಅದು ಸಿಕ್ಕಿದ್ದು ನೊಣದಲ್ಲಿ. ಬಾಳೆಹಣ್ಣು ಕೊಳೆತರೆ ಮುತ್ತುತ್ತವಲ್ಲ, ಆ ಪುಟ್ಟ ಹಣ್ಣುನೊಣ. ಅದರಲ್ಲಿ ಟೋಲ್ ಎಂಬ ಜೀನ್ ಇದೆ. ಭ್ರೂಣದಲ್ಲಿ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ನಿರ್ಧಾರವಾಗಲು ಅದು ಬೇಕು ಎಂದು ಜರ್ಮನಿಯಲ್ಲಿ ಮೊದಲೇ ಕಂಡುಕೊಂಡಿದ್ದರು. ಹೆಸರೂ ಜರ್ಮನ್ ಮಾತೇ, "ಭಲೇ!" ಎಂಬಂಥ ಉದ್ಗಾರ. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ತಂಡ ಟೋಲ್ ಕೆಟ್ಟಿರುವ ನೊಣಗಳಿಗೆ ಶಿಲೀಂಧ್ರ ತಗುಲಿಸಿತು. ನೊಣಗಳು ಬದುಕಲಿಲ್ಲ, ಮೈಯೆಲ್ಲ ಬೂಷ್ಟು ಹಿಡಿದು ಸತ್ತವು. ಮರುವರ್ಷ ಜೇನ್‌ವೇ ಮತ್ತು ರುಸ್ಲಾನ್ ಮೆಡ್‌ಜಿತೋವ್ ಮನುಷ್ಯರಲ್ಲೂ ಟೋಲ್‌ನಂಥ ಪ್ರೋಟೀನ್ ಇದೆ ಎಂದು ತೋರಿಸಿದರು. 1998ರಲ್ಲಿ ಟೆಕ್ಸಾಸಿನ ಬ್ರೂಸ್ ಬ್ಯೂಟ್ಲರ್ ಎಲ್‌ಪಿಎಸ್ ಚುಚ್ಚಿದರೂ ಏನೂ ಆಗದ ಒಂದು ಜಾತಿಯ ಇಲಿಯನ್ನು ಹಿಡಿದು ಹುಡುಕುತ್ತಾ ಹೋದರು. ಅದರಲ್ಲಿ ಕೆಟ್ಟಿದ್ದ ಜೀನ್ ಟೋಲ್‌ನ ನೆಂಟನೇ ಆಗಿತ್ತು, ಈಗ ಟಿಎಲ್‌ಆರ್4 ಎನ್ನುತ್ತೇವೆ. ಹಾಫ್‌ಮನ್ ಮತ್ತು ಬ್ಯೂಟ್ಲರ್‌ಗೆ 2011ರ ನೊಬೆಲ್ ಬಂತು. ಆ ಬಹುಮಾನದ ಇನ್ನರ್ಧ ರಾಲ್ಫ್ ಸ್ಟೈನ್‌ಮನ್‌ಗೆ. ಅವರು ಘೋಷಣೆಗೆ ಮೂರೇ ದಿನ ಮೊದಲು ತೀರಿಕೊಂಡಿದ್ದರು, ಅವರ ಕೆಲಸ ಇನ್ನೇನು ಕೆಳಗೆ ಬರುತ್ತದೆ.

ಮನುಷ್ಯರಲ್ಲಿ ಇಂಥ ಟೋಲ್ ಬಗೆಯ ಗ್ರಾಹಕಗಳು ಹತ್ತು. ಒಂದೊಂದು ಒಂದೊಂದನ್ನು ಮುಟ್ಟಿ ತಿಳಿಯುತ್ತದೆ. ನಾಲ್ಕನೆಯದು ಎಲ್‌ಪಿಎಸ್ ಹೊದಿಕೆಯನ್ನು, ಐದನೆಯದು ಬಾಲದ ಫ್ಲಾಜೆಲಿನನ್ನು, ಒಂಬತ್ತನೆಯದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು. ಇವೆಲ್ಲ ಬ್ಯಾಕ್ಟೀರಿಯಾ ಸುಲಭವಾಗಿ ಬದಲಿಸಿಕೊಳ್ಳಲಾಗದ ಭಾಗಗಳು. ಗೋಡೆ ಬಿಟ್ಟು ಅದು ಬದುಕಲಾರದು. ಬಾಲ ಬಿಟ್ಟು ಈಜಲಾರದು.

ಅಪ್ಪ ಹೇಳಿದ ಮಾತು ಇಲ್ಲಿ ಅಕ್ಷರಕ್ಕಕ್ಷರ ನಿಜವಾಗುತ್ತದೆ. ಫ್ಲಾಜೆಲಿನನ್ನು ಮುಟ್ಟಿ ನೋಡುವ ಐದನೆಯ ಗ್ರಾಹಕ ಕೋಶದ ಯಾವ ಕಡೆ ಇದೆ ಎಂದು 2001ರಲ್ಲಿ ಹುಡುಕಿದರು. ಕರುಳಿನ ಮೇಲ್ಪದರದ ಕೋಶಕ್ಕೆ ಒಂದು ತಲೆ, ಒಂದು ಬುಡ ಇದೆ. ತಲೆ ಕಾಲುವೆಯ ಕಡೆಗೆ, ಬುಡ ದೇಹದ ಕಡೆಗೆ. ಗ್ರಾಹಕ ಇದ್ದದ್ದು ಬುಡದ ಕಡೆ. ಪ್ರಯೋಗಶಾಲೆಯಲ್ಲಿ ಕೋಶಗಳ ತಲೆಯ ಮೇಲೆ ಫ್ಲಾಜೆಲಿನ್ ಸುರಿದರೆ ಅವು ಜಪ್ಪಯ್ಯ ಅನ್ನಲಿಲ್ಲ. ಅದನ್ನೇ ಬುಡಕ್ಕೆ ಸುರಿದಾಗ ಕೂಗು ಹಾಕಿದವು. ನೀರುಗಂಟಿ ಬದುವಿನ ಒಣ ಕಡೆ ಕಾಲಿಟ್ಟು ನೋಡುವ ಹಾಗೆಯೇ ಅಲ್ವಾ? ಕಾಲುವೆಯಲ್ಲಿ ಎಷ್ಟು ಬಾಲಗಳು ಅಲ್ಲಾಡಿದರೂ ಚಿಂತೆಯಿಲ್ಲ. ಬದುವಿನ ಈ ಕಡೆ ಒಂದು ಬಾಲದ ಚೂರು ಸಿಕ್ಕರೂ ಯಾರೋ ದಾಟಿದ್ದಾರೆ ಎಂದೇ ಅರ್ಥ.

ಕೂಗು ಅಂದೆ. ಕೋಶದ ಕೂಗು ಎಂದರೆ ರಾಸಾಯನಿಕ. ಗ್ರಾಹಕ ಮುಟ್ಟಿದ ಸುದ್ದಿ ಕೋಶದ ನಡುವಿನ ಜೀನ್‌ಗಳವರೆಗೆ ಹೋಗಿ, ಕೆಲವು ಜೀನ್‌ಗಳು ಕೆಲಸ ಶುರುಮಾಡಿ, ಸೈಟೋಕೈನ್ ಎಂಬ ಸಂದೇಶದ ಪ್ರೋಟೀನುಗಳು ಹೊರಗೆ ಬರುತ್ತವೆ. ಅದನ್ನು ಹಿಡಿದು ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಓಡಿಬರುತ್ತವೆ. ಇದೇ ಉರಿಯೂತ. ಸಂದೇಶ ಮೆದುಳಿಗೆ ಮುಟ್ಟಿದರೆ ಜ್ವರ.

ಗ್ರಾಹಕಗಳು ಕೋಶದ ಹೊರಮೈಯಲ್ಲಷ್ಟೇ ಅಲ್ಲ, ಒಳಗೂ ಇವೆ. ಮನೆಯ ಅಂಗಳಕ್ಕೆ ಬಂದವನು ಬೇರೆ, ಅಡುಗೆಮನೆಗೆ ನುಗ್ಗಿದವನು ಬೇರೆ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೆ ಸೂಜಿಯಂಥ ಒಂದು ಸಾಧನ ಇದೆ. ಅದನ್ನು ಕೋಶಕ್ಕೆ ಚುಚ್ಚಿ, ತನ್ನ ಪ್ರೋಟೀನುಗಳನ್ನು ಒಳಗೆ ಬಿಟ್ಟು, ಕೋಶ ತಾನಾಗಿಯೇ ತನ್ನನ್ನು ಒಳಗೆ ಎಳೆದುಕೊಳ್ಳುವ ಹಾಗೆ ಮಾಡುತ್ತದೆ. ಮೊಸರಿನ ಬ್ಯಾಕ್ಟೀರಿಯಾ ಹತ್ತಿರ ಇಂಥ ಸೂಜಿ ಇಲ್ಲ. ಕೋಶದ ಒಳಗಿನ ಒಂದು ಬಗೆಯ ಗ್ರಾಹಕಗಳು ಈ ಸೂಜಿಯ ಪ್ರೋಟೀನನ್ನೂ, ಒಳಗೆ ಸೋರಿದ ಫ್ಲಾಜೆಲಿನನ್ನೂ ಗುರುತಿಸುತ್ತವೆ. ಆಗ ಆ ಕೋಶ ಮಾಡುವ ಕೆಲಸ ನೋಡಿದರೆ ಮೈ ಜುಮ್ಮೆನ್ನುತ್ತದೆ. ಅದು ಸಾಲಿನಿಂದ ತನ್ನನ್ನೇ ಕಿತ್ತುಕೊಂಡು, ಒಳಗೆ ಹೊಕ್ಕ ಬ್ಯಾಕ್ಟೀರಿಯಾ ಸಮೇತ ಕಾಲುವೆಗೆ ಬೀಳುತ್ತದೆ. ಪಕ್ಕದ ಕೋಶಗಳು ತಕ್ಷಣ ಹತ್ತಿರ ಸರಿದು ಸಂದಿ ಮುಚ್ಚುತ್ತವೆ.

ಒಳಗಿನ ಇನ್ನೊಂದು ಗ್ರಾಹಕ ನಾಡ್2. ಆಗ ಹೇಳಿದೆನಲ್ಲ, ಕತ್ತರಿಸಿದ ಗೋಡೆಯ ಚೂರುಗಳು, ಅವನ್ನು ಗುರುತಿಸುವುದು ಇದು. 2001ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದು ವಿಷಯ ಕಂಡುಕೊಂಡವು. ಯುರೋಪ್ ಮೂಲದವರಲ್ಲಿ ಕ್ರೋನ್ಸ್ ಕಾಯಿಲೆ ಇರುವ ಎಷ್ಟೋ ಜನರಲ್ಲಿ ನಾಡ್2 ಜೀನ್ ಕೆಟ್ಟಿರುತ್ತದೆ. ಕ್ರೋನ್ಸ್ ಅಂದರೆ ಕರುಳಿನಲ್ಲಿ ಉರಿಯೂತ ಆರದೆ ಉಳಿಯುವ ಕಾಯಿಲೆ. ಇಲ್ಲಿ ಸ್ವಲ್ಪ ಯೋಚಿಸಿ. ಬ್ಯಾಕ್ಟೀರಿಯಾ ಗುರುತಿಸುವ ಗ್ರಾಹಕ ಕೆಟ್ಟರೆ ಉರಿಯೂತ ಕಡಿಮೆಯಾಗಬೇಕಿತ್ತು, ಜಾಸ್ತಿ ಆಗುತ್ತಿದೆ. ಹೊತ್ತಿಗೆ ಸರಿಯಾಗಿ ಸಣ್ಣ ಬಿಲ ಕಣ್ಣಿಗೆ ಬೀಳದಿದ್ದರೆ ಆಮೇಲೆ ಬದುವೇ ಒಡೆಯುತ್ತದೆ, ಹಾಗೆ ಇದನ್ನು ಅರ್ಥಮಾಡಿಕೊಳ್ಳಬಹುದು.

ಇದಕ್ಕೆ ಹತ್ತಿರದ ಇನ್ನೊಂದು ಪ್ರಯೋಗ ಮೆಡ್‌ಜಿತೋವ್ ಮತ್ತು ಸಂಗಡಿಗರದು, 2004ರದು. ಅವರು ಆಂಟಿಬಯೋಟಿಕ್ ಕೊಟ್ಟು ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಖಾಲಿ ಮಾಡಿದರು. ಆಮೇಲೆ ಕರುಳಿಗೆ ಗಾಯ ಮಾಡುವ ರಾಸಾಯನಿಕ ಕೊಟ್ಟರು. ಬ್ಯಾಕ್ಟೀರಿಯಾ ಇದ್ದ ಇಲಿಗಳು ತಡೆದುಕೊಂಡವು, ಇಲ್ಲದವು ಸಾಯತೊಡಗಿದವು. ಬ್ಯಾಕ್ಟೀರಿಯಾ ಇಲ್ಲದ ಇಲಿಗಳಿಗೆ ಕುಡಿಯುವ ನೀರಲ್ಲಿ ಬರೀ ಎಲ್‌ಪಿಎಸ್ ಬೆರೆಸಿ ಕೊಟ್ಟಾಗ ಅವೂ ಉಳಿದವು. ಅಂದರೆ ಗ್ರಾಹಕಗಳು ದಿನವೂ ಬ್ಯಾಕ್ಟೀರಿಯಾವನ್ನು ಸ್ವಲ್ಪ ಸ್ವಲ್ಪ ಮುಟ್ಟುತ್ತಲೇ ಇರುತ್ತವೆ. ಆ ಸಣ್ಣ ಸುದ್ದಿಯಿಂದ ಕರುಳು ಗಾಯ ಮಾಡಿಕೊಳ್ಳುವುದಿಲ್ಲ, ಗಾಯ ಮಾಯಿಸಿಕೊಳ್ಳುತ್ತದೆ. ಬದುವಿಗೆ ದಿನಕ್ಕೊಂದು ಬೊಗಸೆ ಮಣ್ಣು ಹಾಕುತ್ತಾ ಹೋದ ಹಾಗೆ.

ಅವ್ವ ಇಲ್ಲಿ ಒಂದು ಒಳ್ಳೆಯ ಮಾತು ಕೇಳಿದಳು. ದಾಟಿದ ಮೇಲೆ ತಾನೆ ಗೊತ್ತಾಗೋದು, ಮೊದಲೇ ನೋಡಿ ಇಟ್ಕೊಳ್ಳೋಕೆ ಆಗಲ್ವಾ ಅಂತ. ಆಗುತ್ತದೆ. ಅದಕ್ಕೆಂದೇ ದೇಹ ಬದುವಿನಲ್ಲಿ ತೂಬು ಇಟ್ಟಿದೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಪೇಯರ್ ತೇಪೆಗಳು ಎಂಬ ಗುಂಪುಗಳಿವೆ. 1677ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಪೇಯರ್ ವಿವರಿಸಿದ್ದರಿಂದ ಆ ಹೆಸರು. ಇವುಗಳ ಮೇಲ್ಪದರದಲ್ಲಿ ಎಂ ಕೋಶಗಳು ಇರುತ್ತವೆ. ಇವುಗಳ ಮೇಲೆ ಲೋಳೆ ತೆಳು. ಇವು ಕಾಲುವೆಯಿಂದ ಒಂದೊಂದು ಬ್ಯಾಕ್ಟೀರಿಯಾವನ್ನು ತಾವೇ ಹಿಡಿದು ಕೆಳಗೆ ದಾಟಿಸುತ್ತವೆ. ಕೆಳಗೆ ಡೆಂಡ್ರಿಟಿಕ್ ಕೋಶಗಳು ಕಾದಿರುತ್ತವೆ, ಸ್ಟೈನ್‌ಮನ್ ಕಂಡುಹಿಡಿದದ್ದು ಇವನ್ನೇ. ಬಂದದ್ದನ್ನು ಚೂರು ಮಾಡಿ, ಚೂರನ್ನು ತಮ್ಮ ಮೈಮೇಲೆ ಇಟ್ಟುಕೊಂಡು, ಟಿ ಕೋಶಗಳು ಎಂಬ ರಕ್ಷಣಾ ಕೋಶಗಳಿಗೆ ತೋರಿಸುತ್ತವೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳೂ ಅಲ್ಲೇ ಪಾಠ ಕಲಿಯುತ್ತವೆ.

ಈ ಪಾಠದಿಂದ ಬರುವುದು ಹೆಚ್ಚಾಗಿ ಜಗಳವಲ್ಲ, ಐಜಿ-ಎ ಎಂಬ ಪ್ರತಿಕಾಯ. ನಮ್ಮ ದೇಹ ಬೇರೆ ಯಾವ ಪ್ರತಿಕಾಯವನ್ನೂ ಇಷ್ಟು ತಯಾರಿಸುವುದಿಲ್ಲ. ದಿನಕ್ಕೆ ಕೆಲವು ಗ್ರಾಂ ಐಜಿ-ಎ ಕರುಳಿಗೆ ಹೋಗುತ್ತದೆ. ಅದು ಲೋಳೆಯಲ್ಲಿ ನಿಂತು ಬ್ಯಾಕ್ಟೀರಿಯಾಗಳ ಮೈಗೆ ಅಂಟಿಕೊಳ್ಳುತ್ತದೆ. ಅಂಟಿಸಿಕೊಂಡವು ಗುಂಪುಗೂಡಿ ಕೋಶಗಳ ಹತ್ತಿರ ಬರಲಾಗದೆ ಹಾಗೇ ಹರಿದುಹೋಗುತ್ತವೆ. ಕೊಲ್ಲುವ ಗೋಜಿಲ್ಲ, ಉರಿಯೂತ ಇಲ್ಲ.

ಹುಟ್ಟಿದ ಮಗುವಿಗೆ ಇದನ್ನು ತಯಾರಿಸಲು ಬರುವುದಿಲ್ಲ. ಅದಕ್ಕೇ ಅಮ್ಮನ ಮೊದಲ ಹಾಲು, ಆ ಹಳದಿ ಬಣ್ಣದ ದಪ್ಪ ಹಾಲು, ಐಜಿ-ಎ ತುಂಬಿಕೊಂಡು ಬರುತ್ತದೆ. ಅದನ್ನು ಹಿಂಡಿ ಚೆಲ್ಲುವ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಚೆಲ್ಲಬೇಡಿ. ಕರುವಿನ ವಿಷಯದಲ್ಲಿ ನಮ್ಮ ಕಡೆಯವರು ಇದನ್ನು ಚೆನ್ನಾಗಿ ಬಲ್ಲರು. ಗಿಣ್ಣು ಮಾಡಲು ಎಷ್ಟೇ ಆಸೆ ಇದ್ದರೂ ಮೊದಲು ಕರು ಕುಡಿಯಬೇಕು. ಮನುಷ್ಯರ ಮಗುವಿಗೆ ಗರ್ಭದಲ್ಲೇ ಮಾಸಿನ ಮೂಲಕ ಒಂದಷ್ಟು ಪ್ರತಿಕಾಯ ಸಿಕ್ಕಿರುತ್ತದೆ. ಕರುವಿಗೆ ಅದೂ ಇಲ್ಲ. ಹುಟ್ಟಿದ ಮೊದಲ ದಿನ ಗಿಣ್ಣುಹಾಲಿನಿಂದ ಕರುಳು ಹೀರಿಕೊಂಡದ್ದೇ ಅದರ ಬಂಡವಾಳ. ಒಂದು ದಿನ ಕಳೆದರೆ ಹೀರುವ ಆ ದಾರಿ ಮುಚ್ಚಿಹೋಗುತ್ತದೆ.

ತೂಬಿನಿಂದ ಬಂದ ಪಾಠಕ್ಕೆ ಇನ್ನೊಂದು ಮುಖವೂ ಇದೆ. ಟಿ ಕೋಶಗಳಲ್ಲಿ ಒಂದು ಬಗೆಗೆ ಜಗಳ ತಣಿಸುವುದೇ ಕೆಲಸ. ಅವನ್ನು ನಿಯಂತ್ರಕ ಟಿ ಕೋಶಗಳು ಎನ್ನಬಹುದು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. 2025ರಲ್ಲಿ ಅವರಿಗೂ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಇದೇ ಕೆಲಸಕ್ಕೆ ನೊಬೆಲ್ ಬಂತು. ಕರುಳಿನಲ್ಲಿ ಈ ಕೋಶಗಳು ಹೆಚ್ಚಲು ಬ್ಯಾಕ್ಟೀರಿಯಾಗಳೇ ಸಹಾಯ ಮಾಡುತ್ತವೆ ಎಂದು 2013ರಲ್ಲಿ ಗೊತ್ತಾಯಿತು. ನಾವು ತಿಂದ ನಾರು ಸಣ್ಣ ಕರುಳಿನಲ್ಲಿ ಅರಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಮೇಲ್ಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸುವುದೂ ಅದೇ. ಹಳಸಿದ ಬೆಣ್ಣೆಗೆ ಬರುವ ವಾಸನೆ ಇದರದ್ದೇ. ಹಾಗಂತ ತುಪ್ಪ ಜಾಸ್ತಿ ತಿಂದರೆ ಆಯಿತು ಎಂದುಕೊಳ್ಳಬೇಡಿ, ತುಪ್ಪದಲ್ಲಿರುವುದನ್ನು ಮೇಲಿನ ಕರುಳೇ ಹೀರಿಕೊಳ್ಳುತ್ತದೆ. ದೊಡ್ಡ ಕರುಳಿಗೆ ಬೇಕಾದ್ದು ನಾರು. ನಮ್ಮ ರಾಗಿ ಮುದ್ದೆ, ಬಸ್ಸಾರಿನ ಸೊಪ್ಪು, ಕಾಳುಗಳಲ್ಲಿ ಅದಿದೆ. ಪಾಲಿಶ್ ಅಕ್ಕಿಗಿಂತ ರಾಗಿಯಲ್ಲಿ ನಾರು ಹಲವು ಪಟ್ಟು ಹೆಚ್ಚು. ನಾರು ಸಿಗದಿದ್ದರೆ ಕೆಲವು ಬ್ಯಾಕ್ಟೀರಿಯಾ ಲೋಳೆಯಲ್ಲಿರುವ ಸಕ್ಕರೆಗಳನ್ನೇ ತಿನ್ನಲು ತೊಡಗುತ್ತವೆ, ಬದು ತೆಳುವಾಗುತ್ತದೆ. ಇಲಿಗಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಿದ್ದಾರೆ.

ಇಷ್ಟೆಲ್ಲ ಆದ ಮೇಲೆ ಹುಡುಗಿಯ ಜ್ವರಕ್ಕೆ ಬರಬೇಕು. ಅಷ್ಟೊಂದು ಕಾವಲಿದ್ದರೂ ಟೈಫಾಯ್ಡ್ ಹೇಗೆ ಹೊಕ್ಕಿತು?

ಕೆಟ್ಟ ಮೊಟ್ಟೆ, ಕೋಳಿಯಿಂದ ಬರುವ ಮಾಮೂಲಿ ಸಾಲ್ಮೊನೆಲ್ಲಾ ಬೇರೆ ಬಗೆ. ಅದು ಹೊಕ್ಕರೆ ಒಂದೆರಡು ದಿನದಲ್ಲೇ ಗ್ರಾಹಕಗಳು ಹಿಡಿದು, ನ್ಯೂಟ್ರೋಫಿಲ್‌ಗಳು ನುಗ್ಗಿ, ಹೊಟ್ಟೆನೋವು, ಭೇದಿ. ಕಷ್ಟವೇ, ಆದರೆ ಸಾಮಾನ್ಯವಾಗಿ ಕರುಳಲ್ಲೇ ಮುಗಿಯುತ್ತದೆ. ಟೈಫಾಯ್ಡಿನ ಸಾಲ್ಮೊನೆಲ್ಲಾ ಟೈಫಿ ಹಾಗಲ್ಲ. ಅದು ಮನುಷ್ಯರಲ್ಲಿ ಮಾತ್ರ ಕಾಯಿಲೆ ತರುತ್ತದೆ, ಕಾಯಿಲೆಯವರ ಮಲ ಬೆರೆತ ನೀರು, ಊಟದಿಂದ ಬರುತ್ತದೆ. ಅದು ಪೇಯರ್ ತೇಪೆಗಳ ತೂಬಿನಲ್ಲೇ, ಎಂ ಕೋಶಗಳ ಮೂಲಕವೇ ಒಳಗೆ ಇಳಿಯಬಲ್ಲದು. ಇಳಿದ ಮೇಲೆ ಒಂದು ಕಂಬಳಿ ಹೊದ್ದುಕೊಳ್ಳುತ್ತದೆ. ಸಕ್ಕರೆಯ ಸರಪಣಿಯಿಂದ ಆದ ಈ ಹೊದಿಕೆಗೆ ವಿಐ ಎಂದು ಹೆಸರು, 1934ರಲ್ಲಿ ಫೀಲಿಕ್ಸ್ ಮತ್ತು ಪಿಟ್ ಇದನ್ನು ಗುರುತಿಸಿದರು. ಕಂಬಳಿಯ ಕೆಳಗೆ ಎಲ್‌ಪಿಎಸ್ ಮುಚ್ಚಿಹೋಗುತ್ತದೆ, ನಾಲ್ಕನೆಯ ಗ್ರಾಹಕಕ್ಕೆ ಸರಿಯಾಗಿ ಸಿಗುವುದಿಲ್ಲ. ಇಷ್ಟು ಸಾಲದು ಎಂಬಂತೆ, ಕಂಬಳಿ ನೇಯಲು ಹೇಳುವ ಅದೇ ಜೀನ್ ಬಾಲದ ಫ್ಲಾಜೆಲಿನನ್ನೂ ಕಡಿಮೆ ಮಾಡುತ್ತದೆ. ಐದನೆಯ ಗ್ರಾಹಕಕ್ಕೂ ಮುಟ್ಟಲು ಏನೂ ಉಳಿಯುವುದಿಲ್ಲ.

ಬದುವಿನ ಒಣ ಕಡೆ ಕಾಲಿಟ್ಟರೂ ಹಸಿ ಗೊತ್ತಾಗದ ಹಾಗೆ ನೀರು ಹರಿದಂತಾಯಿತು. ಅದಕ್ಕೇ ಟೈಫಾಯ್ಡಿನಲ್ಲಿ ಮೊದಲ ದಿನಗಳಲ್ಲಿ ಜೋರು ಭೇದಿ ಸಾಮಾನ್ಯವಾಗಿ ಇರುವುದಿಲ್ಲ. ಬ್ಯಾಕ್ಟೀರಿಯಾ ಹೊಕ್ಕಿ ಒಂದೆರಡು ವಾರ ಏನೂ ಗೊತ್ತಾಗುವುದೇ ಇಲ್ಲ. ಅಷ್ಟರಲ್ಲಿ ಅದು ತನ್ನನ್ನು ನುಂಗಿದ ಮ್ಯಾಕ್ರೋಫೇಜ್ ಕೋಶಗಳ ಒಳಗೇ ಕೂತು ಯಕೃತ್ತು, ಗುಲ್ಮ, ಮೂಳೆಯ ಮಜ್ಜೆ ತಲುಪಿ ಬೆಳೆದಿರುತ್ತದೆ. ಆಮೇಲೆ ಬರುವುದು ಬಿಡದ ಜ್ವರ. ಔಷಧಿ ಸಿಗದೆ ಹೋದರೆ ಮೂರನೆಯ ವಾರದ ಹೊತ್ತಿಗೆ ಆ ಪೇಯರ್ ತೇಪೆಗಳೇ ಹುಣ್ಣಾಗಿ ಕರುಳು ತೂತಾಗುವ ಅಪಾಯ ಇದೆ. ಕರುಳು ತೂತಾಗುವುದು ಅಲ್ಲೇ ಯಾಕೆ ಎಂದು ಈಗ ನಿಮಗೇ ಗೊತ್ತು. ಜ್ವರ ಇಳಿಯಿತು ಎಂದು ಮಾತ್ರೆಯ ಕೋರ್ಸ್ ಅರ್ಧಕ್ಕೆ ನಿಲ್ಲಿಸಬಾರದು ಎಂದು ಡಾಕ್ಟರ್ ಮತ್ತೆ ಮತ್ತೆ ಹೇಳಿದ್ದು ಕೂಡ ಇದಕ್ಕೇ, ಒಳಗೆ ಅಡಗಿ ಕೂತದ್ದು ಉಳಿದಿರಬಹುದು.

"ಅಂಗಾರೆ ಅವ್ನು ಕಂಬಳಿ ಹೊದ್ಕೊಂಡು ಬಂದೋನು" ಅಂದಳು ಅವ್ವ.

ಹೌದು. ಆದರೆ ಈಗ ಆ ಕಂಬಳಿಯೇ ಅದನ್ನು ಹಿಡಿದುಕೊಡುತ್ತಿದೆ. ಟೈಫಾಯ್ಡಿನ ಹೊಸ ಲಸಿಕೆ ಮಾಡಿರುವುದು ಅದೇ ವಿಐ ಹೊದಿಕೆಯಿಂದ. ಬರೀ ಹೊದಿಕೆಯ ಹಳೆಯ ಲಸಿಕೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸಕ್ಕರೆಯ ಸರಪಣಿಯನ್ನಷ್ಟೇ ತೋರಿಸಿದರೆ ಟಿ ಕೋಶಗಳು ನೆರವಿಗೆ ಬರುವುದಿಲ್ಲ. ಅದಕ್ಕೆ ಅದನ್ನು ಒಂದು ಪ್ರೋಟೀನಿಗೆ, ಧನುರ್ವಾಯು ಲಸಿಕೆಯಲ್ಲಿ ಬಳಸುವ ಪ್ರೋಟೀನಿಗೇ, ಅಂಟಿಸಿದರು. ಪ್ರೋಟೀನಿನ ಚೂರನ್ನು ನೋಡಿ ಟಿ ಕೋಶಗಳು ಬರುತ್ತವೆ, ಅವುಗಳ ನೆರವಿನಿಂದ ಬಿ ಕೋಶಗಳು ಕಂಬಳಿಯ ವಿರುದ್ಧ ಪ್ರತಿಕಾಯ ಮಾಡುತ್ತವೆ, ನೆನಪೂ ಇಟ್ಟುಕೊಳ್ಳುತ್ತವೆ. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಇಂಥ ಲಸಿಕೆಯನ್ನು ಆರು ತಿಂಗಳ ಮಗುವಿನಿಂದ ಹಿಡಿದು ಹಾಕಬಹುದು.

ಹುಡುಗಿ ಹದಿನೈದು ದಿನಕ್ಕೆ ಎದ್ದು ಓಡಾಡಿದಳು, ಮೊದಲು ಕೇಳಿದ್ದು ಉಪ್ಸಾರು ಮುದ್ದೆ. ಮನೆಯ ಚಿಕ್ಕ ಕೂಸಿಗೆ, ನನ್ನ ತಮ್ಮನ ಮಗುವಿಗೆ, ಒಂಬತ್ತು ತಿಂಗಳು ತುಂಬಿದಾಗ ಆ ಲಸಿಕೆ ಹಾಕಿಸಿದೆವು. ಕರೆದುಕೊಂಡು ಹೋದವಳು ಅವ್ವ. ಚುಚ್ಚುವಾಗ ಅಳುತ್ತಿದ್ದ ಮಗುವಿನ ಕಿವಿಯಲ್ಲಿ ಕಂಬಳಿಯವನ ಕತೆ ಹೇಳುತ್ತಿದ್ದಳಂತೆ.